ರಾಯರ ಎಂಟನೇ ನಂಬರ್ ಬೂಟು

ಎದುರಿಗಿಲ್ಲದ ಕಾಲಿಗೆ ಬೂಟು ಆರಿಸಿಕೊಟ್ಟಿದ್ದು ನನ್ನ ಕೆಲಸದಲ್ಲಿ ಒಂದೇ ಸಲ. ಅದನ್ನ ಬರೆಯೋಕೇ ಕೂತಿದ್ದೀನಿ. ಆದರೆ ಅಂಗಡಿಗೆ ಹೊಸದಾಗಿ ಸೇರಿರೋ ಹುಡುಗಿಯರು ಇದನ್ನ ಓದ್ತಾರಂತೆ, ಅದಕ್ಕೆ ಕೆಲಸದ ಮಾತು ಮೊದಲು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹಾಸನದ ಬಸ್ ಸ್ಟ್ಯಾಂಡಿಗೆ ಹತ್ತಿರ ನಮ್ಮ ಅಂಗಡಿ. ಮುಂದಿನ ಭಾಗದಲ್ಲಿ ಬೂಟು, ಹಿಂದಿನ ಭಾಗದಲ್ಲಿ ಕೋಟು. ವಕೀಲರು, ಬ್ಯಾಂಕಿನವರು, ಕಾಲೇಜು ಮೇಷ್ಟ್ರುಗಳು, ಇಂಟರ್‌ವ್ಯೂಗೆ ಹೋಗೋ ಹುಡುಗರು, ಇವರೇ ನಮ್ಮ ಗಿರಾಕಿಗಳು. ಯಜಮಾನರು ಶಿವಲಿಂಗಪ್ಪನವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ವ್ಯಾಪಾರ. ನನ್ನನ್ನ ಸೇರಿಸಿಕೊಂಡಿದ್ದು ಕೋಟಿಗೆ ಕಾಜ ಹೊಲಿಯೋಕೆ, ಗುಂಡಿ ಹಾಕೋಕೆ. ಹಿಂದೆ ಕೂತು ಹೊಲೀತಾ ಹೊಲೀತಾ ಗಿರಾಕಿಗಳನ್ನ ನೋಡೋದೇ ಕೆಲಸವಾಯ್ತು. ಒಂದು ದಿನ ಯಜಮಾನರು ಊಟಕ್ಕೆ ಹೋದಾಗ ಬಂದ ಗಿರಾಕಿಗೆ ನಾನೇ ಕೋಟು ಆರಿಸಿಕೊಟ್ಟೆ. ಅವನು ಮುಂದಿನ ಸಲ ಬಂದು ‘ಆ ಹೆಂಗಸು ಎಲ್ಲಿ’ ಅಂದ. ಆವತ್ತಿಂದ ಮುಂದಕ್ಕೆ ಬಂದೆ.

ಕೋಟಿನಲ್ಲಿ ಮೊದಲು ನೋಡೋದು ಭುಜ. ಹೊಟ್ಟೆ ಹತ್ತಿರ ಬಿಡಿಸಬಹುದು, ತೋಳು ಮೊಟಕು ಮಾಡಬಹುದು, ಭುಜ ಮಾತ್ರ ಏನೂ ಮಾಡೋಕಾಗಲ್ಲ. ಹೊಲಿಗೆ ಭುಜದ ಮೂಳೆ ಮುಗಿಯೋ ಕಡೆ ಕೂರಬೇಕು. ಅದಕ್ಕಿಂತ ಕೆಳಗೆ ಜಾರಿದರೆ ಅಣ್ಣನ ಕೋಟು ತಮ್ಮ ಹಾಕ್ಕೊಂಡಂಗೆ. ಗಿರಾಕೀನ ಕನ್ನಡಿ ಮುಂದೆ ನಿಲ್ಲಿಸಿ ಕಳಿಸಿಬಿಡಬೇಡಿ, ಕುರ್ಚಿ ಹಾಕಿ ಕೂರಿಸಿ. ಇಂಟರ್‌ವ್ಯೂ ಮಾಡೋರ ಮುಂದೆ ಅವನು ಕೂತಿರ್ತಾನೆ, ನಿಂತಿರಲ್ಲ. ಕೂತಾಗ ಕತ್ತಿನ ಹಿಂದೆ ಬಟ್ಟೆ ಗೂನು ಎದ್ದರೆ ಆ ಕೋಟು ಬೇಡ. ಬಣ್ಣ ಕಪ್ಪು, ಕಡುನೀಲಿ, ಇಲ್ಲ ಬೂದಿ. ಹೊಳೆಯೋ ಬಟ್ಟೆ ಮದುವೆ ಗಂಡಿಗೆ ಸರಿ, ಸಾಲ ಕೊಡೋ ಅಧಿಕಾರಿಗೆ ಅಲ್ಲ.

ಬೂಟು ಸಂಜೆ ಹೊತ್ತು ಕೊಳ್ಳಬೇಕು. ಬೆಳಿಗ್ಗೆ ಕಾಲು ಸಣ್ಣಗಿರುತ್ತೆ, ಸಂಜೆಗೆ ಊದಿರುತ್ತೆ. ಬೆಳಿಗ್ಗೆ ಸರಿಹೋದ ಬೂಟು ಸಂಜೆ ಕಚ್ಚುತ್ತೆ. ಎಲ್ಲರಿಗೂ ಒಂದು ಕಾಲು ದೊಡ್ಡದು, ಒಂದು ಸಣ್ಣದು. ಒಂದಕ್ಕೆ ಹಾಕಿ ನೋಡಿ ಸಾಕು ಅನ್ನೋ ಗಿರಾಕಿ ಆಮೇಲೆ ಬಂದು ಜಗಳ ಆಡ್ತಾನೆ. ಕಪ್ಪು ಬಣ್ಣ, ಲೇಸು ಕಟ್ಟೋದು, ಮೂತಿ ಚೂಪಿಲ್ಲದ್ದು. ಕಾಲುಚೀಲ ಉದ್ದದ್ದು ಕೊಡಿ. ಕೂತಾಗ ಪ್ಯಾಂಟು ಮೇಲೆ ಹೋಗಿ ಕಾಲಿನ ಕೂದಲು ಕಂಡರೆ ಮಿಕ್ಕಿದ್ದೆಲ್ಲ ದಂಡ.

ಯಜಮಾನರು ಒಂದು ಸಲ ಚನ್ನರಾಯಪಟ್ಟಣದ ಹೊಸ ವಕೀಲನಿಗೆ ಕಂದು ಬಣ್ಣದ ಬೂಟು ಹಾಕಿ ಕಳಿಸಿಬಿಟ್ಟರು. ಕಪ್ಪು ಖಾಲಿಯಾಗಿತ್ತು, ಗಿರಾಕಿ ಕೈಬಿಟ್ಟು ಹೋಗಬಾರದು ಅಂತ. ಅವನ ಸೀನಿಯರು ಕೋರ್ಟಿನ ಮೆಟ್ಟಿಲಲ್ಲೇ ನಿಲ್ಲಿಸಿ, ‘ಏನಯ್ಯ, ಮುಹೂರ್ತ ಎಷ್ಟೊತ್ತಿಗೆ’ ಅಂದರಂತೆ. ಆ ವಕೀಲ ಬೂಟು ಕೈಯಲ್ಲಿ ಹಿಡಕೊಂಡು ಬಸ್ಸಲ್ಲಿ ಬಂದ. ಯಜಮಾನರು ಗೋದಾಮಿನೊಳಗೆ ಹೋಗಿ ಕೂತರು, ಬೈಸಿಕೊಂಡೋಳು ನಾನು.

ಇನ್ನೊಬ್ಬರು ಶ್ರವಣಬೆಳಗೊಳದ ಕಡೆಯ ಜೈನ ಹಿರಿಯರು, ಪಾತ್ರೆ ವ್ಯಾಪಾರದವರು. ಯಾವುದೋ ಸಭೆಗೆ ಕೋಟು ಹಾಕಬೇಕಾಗಿತ್ತು. ಕೋಟು ಸರಿಹೋಯ್ತು. ಬೂಟು ಕೈಗೆ ಕೊಟ್ಟೆ. ಅವರು ಒಳಗೆ ನೋಡಿದರು, ಮೂಸಿದರು, ಆಮೇಲೆ ಮೆಲ್ಲಗೆ ಕೇಳಿದರು: “ಇದರೊಳಗೆ ಮೊದಲು ಯಾರಿದ್ರಮ್ಮ?”

ಹೊಸದು, ಯಾರೂ ಹಾಕಿಲ್ಲ ಅಂದೆ.

“ಹಾಕಿದವರನ್ನ ಕೇಳಲಿಲ್ಲ. ಒಳಗಿದ್ದವರನ್ನ ಕೇಳಿದೆ,” ಅಂದರು.

ಚರ್ಮ ಯಾವ ಜೀವದ್ದು ಅನ್ನೋ ವಿಚಾರ ಅಂತ ಆಮೇಲೆ ತಿಳೀತು. ರೆಕ್ಸಿನ್ನಿನದು ಹುಡುಕಿಕೊಟ್ಟೆ, ತಗೊಂಡು ಹೋದರು. ಆದರೆ ಆವತ್ತಿಂದ ಬೂಟಿನೊಳಗೆ ಕೈ ಹಾಕುವಾಗೆಲ್ಲ ಆ ಮಾತು ನೆನಪಾಗೋದು. ಹಳೇ ಬೂಟಿನೊಳಗೆ ಕೈ ಹಾಕಿ ನೋಡಿದ್ದೀರಾ? ಒಂದೊಂದು ಬೆರಳಿಗೂ ಒಂದೊಂದು ಗುಳಿ ಇರುತ್ತೆ. ಮನುಷ್ಯ ಹೋಗಿರ್ತಾನೆ, ಕಾಲು ಅಲ್ಲೇ ಇರುತ್ತೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಹಿಂದೆ ಸಾಲಾಗಿ ತೂಗುಹಾಕಿದ ಕೋಟುಗಳು ಫ್ಯಾನಿನ ಗಾಳಿಗೆ ಒಟ್ಟಿಗೆ ಆ ಕಡೆ ಈ ಕಡೆ ತಿರುಗೋವು. ತಲೆ ಇಲ್ಲದ ಗಂಡಸರು ಬಾಗಿಲು ನೋಡಿದಂಗೆ. ನನಗೆ ಹೆದರಿಕೆ ಆಗಿದ್ದಿಲ್ಲ. ಸಂಬಳ ತಗೊಳ್ಳೋ ಜಾಗದಲ್ಲಿ ಹೆದರಿಕೊಂಡರೆ ನಡೆಯಲ್ಲ.

ಈಗ ರಾಯರ ವಿಚಾರ.

ನರಹರಿ ರಾಯರು ಹೊಳೆನರಸೀಪುರದವರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ರಿಟೈರಾದವರು. ಕೆಲಸದಲ್ಲಿದ್ದಾಗ ಹೇಗೋ ರಿಟೈರಾದ ಮೇಲೂ ಹಾಗೇ. ಸಂಜೆ ಹೊಳೆ ಕಡೆ ನಡೆಯೋಕೆ ಹೋಗಬೇಕಾದರೂ ಬೂದಿ ಬಣ್ಣದ ಕೋಟು, ಕಪ್ಪು ಬೂಟು. ಎಂಟನೇ ನಂಬರು. ಬಲಗಾಲು ಸರಿಯಾಗಿ ಎಂಟು, ಎಡಗಾಲು ಅದಕ್ಕಿಂತ ಒಂಚೂರು ಕಮ್ಮಿ. ಎಡಗಡೆ ಬೂಟಿಗೆ ನಾನೇ ಒಂದು ತೆಳ್ಳನೆ ಮೆತ್ತೆ ಕತ್ತರಿಸಿ ಒಳಗೆ ಹಾಕಿಕೊಡ್ತಿದ್ದೆ. ಲೇಸು ಕಟ್ಟಿದ ಮೇಲೆ ಅದರ ಎರಡು ತುದೀನೂ ಬೆರಳಲ್ಲಿ ಒತ್ತಿ ಬೂಟಿನೊಳಗೆ ತುರುಕೋರು. ಹಾಗೆ ಮಾಡೋ ಇನ್ನೊಬ್ಬ ಗಿರಾಕೀನ ನಾನು ನೋಡಿಲ್ಲ.

“ತುದಿ ಹೊರಗೆ ಬಿಟ್ರೆ ನಾಯಿ ನಾಲಿಗೆ ಥರ ಇರತ್ತೆ ಸಾಕಮ್ಮ,” ಅನ್ನೋರು.

ಅವರ ಹೆಂಡತಿ ಕಮಲಮ್ಮನವರು ಜೊತೆಗೆ ಬರೋರು. ಹೊರಗೆ ಬೆಂಚಿನ ಮೇಲೆ ಕೂತು, “ಅವರ ಕಾಲಿಗೆ ಮಾಡೋ ಉಪಚಾರದಲ್ಲಿ ಅರ್ಧ ನಮ್ಮ ದೇವರಿಗೂ ಮಾಡಲ್ಲ,” ಅಂತ ನನಗೆ ಹೇಳೋರು. ರಾಯರಿಗೆ ಕೇಳಿಸಲಿ ಅಂತಲೇ ಹೇಳೋರು.

ರಾಯರು ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದು ನಡುಮನೆಯಲ್ಲಿ ಕೂತವರು ಏಳಲಿಲ್ಲ. ಬರಿಗಾಲಲ್ಲಿದ್ದರು.

ಅವರಲ್ಲಿ ಸತ್ತವರ ಹೆಸರಲ್ಲಿ ದಾನ ಕೊಡೋದುಂಟು. ಕೊಡೆ, ಚೊಂಬು, ಬಟ್ಟೆ, ಕಾಲಿಗೆ ಹಾಕೋದು. ಹೋದವರು ನಡೆಯೋ ದಾರಿ ಕಾದ ಮರಳಂತೆ, ಮುಳ್ಳಂತೆ. ಇಲ್ಲಿ ಪುರೋಹಿತರಿಗೆ ಕೊಟ್ಟಿದ್ದು ಅಲ್ಲಿ ಅವರ ಕಾಲಿಗೆ ಆಗುತ್ತೆ ಅಂತ. ಮಗ ಕರ್ಮಕ್ಕೆ ಕೂತಿದ್ದ, ಅದಕ್ಕೆ ಅಳಿಯ ಅಂಗಡಿಗೆ ಬಂದ. ಶ್ರೀಧರ ಅಂತ, ಹಾಸನದಲ್ಲೇ ಕಾಲೇಜು ಮೇಷ್ಟ್ರು.

“ಒಂದು ಜೊತೆ ಚಪ್ಪಲಿ ಕೊಡಿ. ಯಾವ್ದಾದ್ರೂ ಆಗತ್ತೆ, ಶಾಸ್ತ್ರಕ್ಕೆ,” ಅಂದ. ಅಷ್ಟರಲ್ಲಿ ಅವನ ಫೋನು ಹೊಡಕೊಂಡಿತು. ಅತ್ತೆ. ಅವನು ಸ್ಪೀಕರಿಗೆ ಹಾಕಿದ.

“ಏನು ತಗೊಂಡ್ರಿ?”

“ಚಪ್ಪಲಿ ನೋಡ್ತಿದೀನಿ ಅಮ್ಮ.”

“ನಿಮ್ಮ ಮಾವನೋರು ಚಪ್ಪಲಿ ಹಾಕಿದ್ದು ಯಾವತ್ತಾದ್ರೂ ನೋಡಿದೀರಾ?”

“ಅಮ್ಮ, ಹಾಕ್ಕೊಳೋರು ಶಾಸ್ತ್ರಿಗಳು...”

“ಫೋನು ಸಾಕಮ್ಮನ ಕೈಗೆ ಕೊಡಿ.”

ತಗೊಂಡೆ. ಕಮಲಮ್ಮನವರ ದನಿ ಒಣಗಿತ್ತು. “ಸಾಕಮ್ಮ, ಅವರಿಗೆ ಯಾವಾಗ್ಲೂ ಕೊಡೋದನ್ನೇ ಕೊಡು. ದೂರ ನಡೀಬೇಕು ಅವರು. ಬರಿಗಾಲಲ್ಲಿ ಅಂಗಳಕ್ಕೂ ಇಳಿದೋರಲ್ಲ.”

ಎಂಟನೇ ನಂಬರಿನ ಕಪ್ಪು ಬೂಟು ತೆಗೆದೆ. ಹಾಕಿ ನೋಡೋಕೆ ಕಾಲಿಲ್ಲ, ಅದಕ್ಕೆ ಎರಡೂ ಕೈ ಒಳಗೆ ಹಾಕಿ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿದೆ. ಅಳಿಯ ಮುಖ ತಿರುಗಿಸಿಕೊಂಡ. ಎಡಗಡೆಯದಕ್ಕೆ ಮೆತ್ತೆ ಕತ್ತರಿಸಿ ಹಾಕಿದೆ. ಯಾಕೆ ಹಾಕಿದೆ ಅಂತ ಕೇಳಬೇಡಿ. ಆ ನಂಬರಿನ ಆ ಗಿರಾಕಿಗೆ ಅದು ಅಭ್ಯಾಸ.

ದಾನವೆಲ್ಲ ಆಗಿ ಸ್ವಲ್ಪ ದಿನಕ್ಕೆ ಹೊಳೆನರಸೀಪುರದ ಬಸ್ಸಿಂದ ಇಳಿದು, ದಾನ ತಗೊಂಡ ಶಾಸ್ತ್ರಿಗಳು ನಮ್ಮ ಅಂಗಡಿಗೆ ಬಂದರು. ಕುಳ್ಳಗೆ, ಸಣ್ಣಗೆ ಇದ್ದರು. ಚೀಲದಿಂದ ಅದೇ ಪೆಟ್ಟಿಗೆ ತೆಗೆದು ಗಲ್ಲಾ ಮುಂದೆ ಇಟ್ಟರು.

“ನಂದು ಆರನೇ ನಂಬರು ಕಾಲು. ಇದರೊಳಗೆ ನಾನೂ ನನ್ನ ಮೊಮ್ಮಗನೂ ಇಬ್ಬರೂ ಕೂರಬಹುದು. ಬದಲಿಗೆ ಒಂದು ಚಪ್ಪಲಿ ಕೊಡ್ತೀರಾ? ಕೊಡೆ ಆಗಿದ್ರೆ ಬದಲಿ ಕೇಳ್ತಿರಲಿಲ್ಲ, ಅಟ್ಟಕ್ಕೆ ಹಾಕ್ತಿದ್ದೆ. ದಾನ ಬಂದ ಕೊಡೆಗಳಿಂದ ಮನೇಲಿ ಅಟ್ಟ ತುಂಬಿದೆ.”

ಅವರದು ತಪ್ಪು ಅಂತ ನಾನು ಹೇಳಲ್ಲ. ಕೊಟ್ಟಿದ್ದು ಅವರದು, ಹಿಡಿಸದ ಬೂಟು ಅವರೇನು ಮಾಡ್ತಾರೆ. ಯಜಮಾನರು ತಳ ನೋಡಿದರು, ಒಂದು ಗೀರಿಲ್ಲ. ಆರನೇ ನಂಬರ್ ಚಪ್ಪಲಿ ಕೊಟ್ಟು ಕಳಿಸಿ, ಬೂಟನ್ನ ಸಾಲಿನಲ್ಲಿ ಇಟ್ಟರು.

“ಬ್ಯಾಡ ಕಣಣ್ಣ, ಇದು ಸತ್ತೋರ ಹೆಸರಲ್ಲಿ ಕೊಟ್ಟಿದ್ದು,” ಅಂದೆ.

“ಬೂಟಿಗೇನಮ್ಮ ಗೊತ್ತು ಯಾರ ಹೆಸರು ಅಂತ? ಈಗಿನ ಕಾಲದಲ್ಲಿ ಫೋನಲ್ಲಿ ತರಿಸ್ಕತಾರೆ, ಇಂಟರ್‌ವ್ಯೂ ಮುಗಿಸ್ಕತಾರೆ, ರೇಟಿನ ಚೀಟಿ ಕೀಳದೆ ವಾಪಸ್ ಕಳುಸ್ತಾರೆ. ಅದನ್ನ ಇನ್ನೊಬ್ಬ ಹಾಕ್ಕತಾನೆ. ನಾನು ಯಾರಾರ್ ಹೆಸರು ಕೇಳ್ಲಿ?”

ಅದೂ ಸರಿಯೇ. ವ್ಯಾಪಾರ ಬದಲಾಗಿತ್ತು. ಹೋಗಿದ್ದು ಹೋಯ್ತು ಅನ್ನೋ ಹಾಗಿರಲಿಲ್ಲ, ಎಲ್ಲಾ ವಾಪಸ್ ಬರೋದು. ಬೂಟನ್ನ ಅಲ್ಲೇ ಬಿಟ್ಟು ನನ್ನ ಕೆಲಸಕ್ಕೆ ಹೋದೆ.

ಅದೇ ವಾರ ಕಮಲಮ್ಮನವರ ಫೋನು ಬಂತು.

“ಸಾಕಮ್ಮ, ಒಂದು ಕೇಳ್ತೀನಿ, ನಗಬೇಡ. ಬೂಟು ಅವರದೇ ಅಳತೇದು ತಾನೆ?”

“ಅವರದೇ ಕಣಮ್ಮ. ಮೆತ್ತೆ ಕೂಡ ಹಾಕಿದ್ದೆ.”

“ಹಾಗಾದ್ರೆ ಅವರ ಕೈಗೆ ಸಿಕ್ಕಿಲ್ಲ ಅದು.”

ಅವರೇ ಹೇಳಿದರು. ಹೊರಬಾಗಿಲ ಪಕ್ಕ ಕಾಲು ತೊಳೆಯೋಕೆ ಒಂದು ಚೊಂಬಲ್ಲಿ ನೀರಿಡೋದು ಆ ಮನೆ ಪದ್ಧತಿ. ರಾಯರು ನಡೆದು ಬರೋ ಹೊತ್ತಿಗೆ, ಸಂಜೆ ದೀಪ ಹಚ್ಚೋ ಮುಂಚೆ, ಹೊರಗೆ ನೀರು ಸುರಿಯೋ ಸದ್ದು. “ಗಡಿಬಿಡೀಲಿ ಸುರ್ಕೊಳೋ ಹಾಗಲ್ಲ ಸಾಕಮ್ಮ. ಕಾಲು ಸುಟ್ಕೊಂಡೋರು ಹಾಕ್ಕೋತಾರಲ್ಲ, ತುಸು ತುಸು, ನಿಲ್ಲಿಸಿ ನಿಲ್ಲಿಸಿ. ಎದ್ದು ಹೋಗಿ ನೋಡಿದ್ರೆ ಚೊಂಬು ಖಾಲಿ.”

“ಶಾಸ್ತ್ರಿಗಳು ನಿಮಗೇನಾದ್ರೂ ಹೇಳಿದ್ರಾ?” ಅಂದೆ.

“ಏನನ್ನ?”

ಗೊತ್ತಿರಲಿಲ್ಲ ಅವರಿಗೆ.

ಇಂಥವನ್ನ ನಂಬೋಳಲ್ಲ ನಾನು. ಗಂಡ ಸತ್ತ ಹೊಸತರಲ್ಲಿ ಹೆಂಗಸಿನ ಕಿವಿಗೆ ಏನು ಬೇಕಾದರೂ ಕೇಳುತ್ತೆ. ನನ್ನ ಗಂಡ ಸತ್ತಾಗ ನನಗೂ ಬೀಡಿ ವಾಸನೆ ಬರೋದು, ಆಮೇಲೆ ನೋಡಿದರೆ ಪಕ್ಕದ ಮನೆಯವನು ಸೇದ್ತಿದ್ದ. ಆದರೆ ಮಾರನೇ ದಿನ ಅಳಿಯ ಅಂಗಡಿಗೇ ಬಂದ. ಮೊದಲಿನ ಬಿಗುವಿರಲಿಲ್ಲ.

“ಮಗ ರಜೆ ಮುಗಿಸಿ ಹೋದ ಮೇಲೆ ಅಮ್ಮ ಒಬ್ಬರೇ, ಊಟ ಬಿಟ್ಟಿದಾರೆ. ಮಧ್ಯಾಹ್ನ ಆಗ್ತಿದ್ದ ಹಾಗೆ ಬಾಗಿಲಲ್ಲಿ ಚೊಂಬು ಇಟ್ಕೊಂಡು ಕೂತ್ಬಿಡ್ತಾರೆ. ನೀರು ಕಮ್ಮಿ ಆಗಬಾರದಂತೆ. ನಮ್ಮನೆಗೆ ಬನ್ನಿ ಅಂದ್ರೆ, ಅವರು ಬಂದಾಗ ನೀರು ಕೊಡೋರು ಯಾರು ಅಂತಾರೆ. ಹೀಗೇ ಬಿಟ್ರೆ ಅವರೂ ಉಳಿಯಲ್ಲ. ನೀವು ಹೇಳಿದ್ರೆ ಕೇಳ್ತಾರೆ, ಒಂದ್ಸಲ ಬರ್ತೀರಾ?”

ರಜೆ ದಿನ ಬಸ್ಸು ಹತ್ತಿದೆ. ಕಮಲಮ್ಮನವರು ಅರ್ಧ ಆಗಿದ್ದರು, ಕೈ ಬಳೆ ಇಲ್ಲದೆ ಇನ್ನೂ ಸಣ್ಣಗೆ ಕಾಣ್ತಿತ್ತು. ನಾನು ಹೊಸಿಲ ಒಳಗೆ ಅವರ ಪಕ್ಕ ಕೂತೆ. ಚೊಂಬು ಹೊರಗೆ, ಕಲ್ಲು ಚಪ್ಪಡಿ ಮೇಲೆ, ತುಂಬ ನೀರು.

“ನೀವು ಒಳಗೆ ನಡೀರಿ, ಒಂದಿಷ್ಟು ಅನ್ನ ತಿನ್ನಿ. ನಾನು ನೋಡ್ಕತೀನಿ,” ಅಂದೆ.

“ನಿನಗೆ ಅವರ ಸದ್ದು ಗೊತ್ತಾಗಲ್ಲ.”

“ಅವರ ಕಾಲು ನನಗೆ ಗೊತ್ತಲ್ಲ.”

ಅದಕ್ಕೆ ಅವರು ನನ್ನ ಮುಖ ನೋಡಿ ಎದ್ದು ಒಳಗೆ ಹೋದರು. ಬಿಸಿಲು ಎದುರುಮನೆ ಗೋಡೆ ಹತ್ತಿ ಹೋಯ್ತು. ನಾನು ಎಲೆ ಅಡಿಕೆ ಹಾಕ್ಕೊಳ್ಳೋಕೆ ತಲೆ ಬಗ್ಗಿಸಿದ್ದೆ.

ಸದ್ದು ಬಂತು. ನೀರಿನದು. ತುಸು ತುಸು, ನಿಲ್ಲಿಸಿ ನಿಲ್ಲಿಸಿ. ಆ ಕಡೆ ಒಂದಷ್ಟು, ಈ ಕಡೆ ಒಂದಷ್ಟು, ಎರಡೂ ಕಾಲಿಗೆ ಹಾಕ್ಕೊಂಡ ಹಾಗೆ. ನಾನು ತಲೆ ಎತ್ತಲಿಲ್ಲ. ಹೆದರಿ ಅಲ್ಲ. ಗಂಡಸರು ಕಾಲು ತೊಳೆಯುವಾಗ ನೋಡ್ತಾ ಕೂರೋದು ಮರ್ಯಾದೆ ಅಲ್ಲ ಅಂತ ಅನ್ನಿಸ್ತು, ಯಾಕೋ. ನೀರು ಕಲ್ಲಿಗೆ ಬಿದ್ದಾಗ ಇನ್ನೊಂದು ಸದ್ದೂ ಬರ್ತಿತ್ತು. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದಾಗ ಬರುತ್ತಲ್ಲ, ಚುಯ್ ಅಂತ, ಅದು.

ಎಲ್ಲಾ ನಿಂತ ಮೇಲೆ ನೋಡಿದೆ. ಚೊಂಬು ಖಾಲಿ, ಮಗುಚಿರಲಿಲ್ಲ. ಚಪ್ಪಡಿಯ ಒದ್ದೆ ನಾನು ನೋಡ್ತಿದ್ದ ಹಾಗೇ ಅಂಚಿಂದ ಆರುತ್ತಾ ಬಂತು. ಕಲ್ಲಿಗೆ ಕೈ ಇಟ್ಟೆ. ತಣ್ಣಗಿತ್ತು, ಎರಡು ಕಡೆ ಬಿಟ್ಟು.

ಒಳಗಿಂದ ಕಮಲಮ್ಮನವರು, “ಕೇಳಿಸ್ತಾ?” ಅಂದರು.

“ಹೂಂ,” ಅಂದೆ. ಸುಳ್ಳು ಹೇಳಿ ಏನಾಗಬೇಕು. “ಬೂಟಿನ ವಿಚಾರ ನನಗೆ ಬಿಡಿ. ಆದರೆ ನೀವು ಊಟ ಮಾಡಬೇಕು. ಮಾಡಲಿಲ್ಲ ಅಂದ್ರೆ ನಾನು ಕೈ ಹಾಕಲ್ಲ.”

ಒಪ್ಪಿದರು.

ಮಾರನೇ ದಿನ ಅಂಗಡಿಗೆ ಸ್ವಲ್ಪ ತಡವಾಗಿ ಹೋದೆ. ಒಬ್ಬ ಗಿರಾಕಿ, ಬ್ಯಾಂಕಿನ ಇಂಟರ್‌ವ್ಯೂಗೆ ಹೋಗೋನು, ಕುರ್ಚಿ ಮೇಲೆ ಕೂತಿದ್ದ. ಬಲಗಾಲಿಗೆ ಆ ಬೂಟು ಹಾಕಿ ಆಗಿತ್ತು. ಎಡಗಾಲಿನದು ಯಜಮಾನರ ಕೈಯಲ್ಲಿ.

“ಹೆಂಗದೆ ಸಾ? ಹೂವಿನಂಗಿಲ್ವಾ?”

“ಚೆನ್ನಾಗಿದೆ. ಒಳಗೆ ಸ್ವಲ್ಪ ಶಾಖ ಅನ್ಸುತ್ತೆ ಅಷ್ಟೆ.”

ನಾನು ನೇರ ಹೋಗಿ ಅವನ ಮುಂದೆ ಕೂತು ಲೇಸು ಬಿಚ್ಚಿದೆ. “ಇದು ನಿಮ್ಮ ಕಾಲಿಗಲ್ಲ,” ಅಂತ ಬೇರೆ ಜೊತೆ ತೆಗೆದು ಹಾಕಿದೆ. ಅವನು ಕೊಂಡು ಹೋದ ಮೇಲೆ ಯಜಮಾನರು, “ವ್ಯಾಪಾರಕ್ಕೆ ಅಡ್ಡ ಬತ್ತೀಯಲ್ಲ ಸಾಕಮ್ಮ, ನಿನಗೆ ರಿಟೈರ್ ಆಗೋ ಕಾಲ ಬಂತು,” ಅಂದರು. ಹಿಂದಿನ ದಿನ ಕಂಡದ್ದು, ಕೇಳಿದ್ದು ಅಷ್ಟೂ ಹೇಳಿದೆ. ಯಜಮಾನರ ಕೈಯಲ್ಲಿ ಎಡಗಾಲಿನ ಬೂಟು ಇನ್ನೂ ಇತ್ತು. ಅದನ್ನ ಮೆಲ್ಲಗೆ ಕೆಳಗಿಟ್ಟು ಕೈ ಒರೆಸಿಕೊಂಡರು.

“ತಗಂಡೋಗಮ್ಮ ಅತ್ಲಾಗೆ. ಏನಾರ ಮಾಡು.”

ಏನು ಮಾಡೋದು? ಶಾಸ್ತ್ರಿಗಳಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು.

“ಶಾಸ್ತ್ರದಲ್ಲಿ ಏನಿದೆ ಅಂತ ಹೇಳಬಲ್ಲೆ. ನೀನು ಕೇಳ್ತಿರೋದು ಅದಲ್ಲ. ನನಗೆ ತೋಚಿದ್ದು ಹೇಳ್ತೀನಿ. ಅದು ನಡೀಬೇಕಮ್ಮ. ಪೆಟ್ಟಿಗೇಲಿ ಕೂತ್ರೆ ಯಾರೂ ನಡೆದ ಹಾಗಾಗಲ್ಲ. ಆ ಕಾಲಿನವನು ಒಬ್ಬ ಸಿಗಲಿ, ನಾನು ಕೊಟ್ಟೆ ಅಂತ ಕೊಡು. ಬಚ್ಚಿಟ್ಟು ಕೊಡಬೇಡ, ಹೇಳಿ ಕೊಡು.” ಆಮೇಲೆ, “ಚಪ್ಪಲಿ ಚೆನ್ನಾಗಿದೆ,” ಅಂತಾನೂ ಅಂದರು.

ಆ ಕಾಲಿನವನನ್ನ ಹುಡುಕಿದೆ. ಕೋಟು ನೋಡೋಕೆ ಬಂದವರ ಕಾಲೇ ನೋಡ್ತಿದ್ದೆ. ಎಂಟನೇ ನಂಬರಿನವರು ಬೇಕಾದಷ್ಟು ಜನ, ಆದರೆ ಬೇಕಾಗಿದ್ದೋರಿಲ್ಲ. ಇರೋರಿಗೆ ಮನೇಲಿ ಇನ್ನೆರಡು ಜೊತೆ ಇರ್ತಿತ್ತು. ಅವರು ತಗೊಂಡು ಹೋಗಿ ಮಂಚದ ಕೆಳಗೆ ತಳ್ತಾರೆ, ಮತ್ತೆ ಪೆಟ್ಟಿಗೆ ವಾಸವೇ. ಅಷ್ಟರಲ್ಲಿ ಅರಕಲಗೂಡಿನಿಂದ ನಿಂಗರಾಜು ಬಂದ. ಅಲ್ಲಿನ ಒಬ್ಬ ವಕೀಲರ ಆಫೀಸಿನಲ್ಲಿ ಅಟೆಂಡರು, ಅವರ ಕರಿ ಕೋಟು ರಿಪೇರಿಗೆ ತಂದಿದ್ದ. ಹಿಮ್ಮಡಿ ಸವೆದು ಕಾಗದ ಆಗಿದ್ದ ಹವಾಯಿ ಚಪ್ಪಲಿ ಹಾಕಿದ್ದ.

“ಎಲ್ಲಿಂದ ನಡೀತೀಯ ದಿನಾ?” ಅಂದೆ.

“ನಮ್ಮೂರಿಂದ ಅರಕಲಗೂಡಿಗೆ ಕಣವ್ವ. ಬೆಳಿಗ್ಗೆ ಬಸ್ಸು ಸಿಗಾಕಿಲ್ಲ. ಆಮೇಲೆ ಆಫೀಸಿಂದ ಕೋರ್ಟಿಗೆ, ಕೋರ್ಟಿಂದ ಆಫೀಸಿಗೆ. ಲಾಯರು ಬೂಟಾಕಂಡ್ ಬಾ ಅಂತವ್ರೆ. ತಕ್ಕೊಡು ಅಂದ್ರೆ ಕೆಮ್ತಾರೆ.”

ಹಾಕಿ ನೋಡು ಅಂದೆ. ಬಲಗಾಲು ಸರಿಯಾಗಿ ಕೂತಿತು. ಎಡಗಾಲು ಹಾಕಿ ಎದ್ದು ನಿಂತ. “ಇದ್ರೊಳ್ಗೆ ಯಾರೋ ಮೆತ್ತೆ ಮಡಗವ್ರೆ ಕಣವ್ವ. ನಂಗೆ ಎಡಗಾಲು ಒಂಚೂರು ಸಣ್ಣದು, ಸರ್ಯಾಗ್ ಆಯ್ತದೆ.”

“ನೋಡಪ್ಪ, ಇದು ಸತ್ತೋರ ಹೆಸರಲ್ಲಿ ದಾನ ಕೊಟ್ಟಿದ್ದು. ಕೊಟ್ಟವರು ಶಾಸ್ತ್ರಿಗಳು. ಸತ್ತವರು ದೊಡ್ಡ ಮನುಷ್ಯರು, ಕಾಲಿನ ವಿಚಾರದಲ್ಲಿ ಬಲು ನಾಜೂಕು. ಆಗುತ್ತಾ?”

ಅವನು ಬೂಟು ನೋಡಿಕೊಂಡ, ನನ್ನ ನೋಡಿದ.

“ಬದುಕಿರೋರು ಯಾರವ್ವ ನಂಗೆ ಬೂಟು ಕೊಟ್ರು?”

ಹಾಕಿಕೊಂಡೇ ಹೋದ. ಚಪ್ಪಲೀನ ಬಿಟ್ಟು ಹೋಗಲಿಲ್ಲ, ಕವರಿಗೆ ಹಾಕಿಕೊಂಡ.

ಮಾರನೇ ದಿನ ಕಾದೆ. ಅದರ ಮಾರನೇ ದಿನ ಕಮಲಮ್ಮನವರೇ ಫೋನು ಮಾಡಿದರು.

“ಸಾಕಮ್ಮ, ಚೊಂಬಲ್ಲಿ ನೀರು ಹಾಗೇ ಇದೆ.”

“ನಿನ್ನೇನೂ?”

“ನಿನ್ನೇನೂ ಹಾಗೇ ಇತ್ತು. ಇವತ್ತು ತುಳಸಿಗೆ ಹಾಕಿದೆ.” ಚೊಂಬು ನೆಲಕ್ಕಿಟ್ಟ ಸದ್ದು ಕೇಳಿತು. “ಹಾಗಾದ್ರೆ ಇನ್ನು ಬರಲ್ಲ ಅಲ್ವಾ ಅವರು?”

“ಅವರು ಹೋಗಬೇಕಾದ ದಾರಿ ಹೋಗ್ತಿದಾರೆ ಕಣಮ್ಮ. ಬೂಟು ಸರಿಯಾಗಿದೆ.”

“ಹೂಂ,” ಅಂದರು. “ಮಗಳ ಮನೆಗೆ ಹೋಗ್ತೀನಿ ನಾಳೆ. ಅಲ್ಲಿ ಅಡುಗೆ ಉಪ್ಪು ಖಾರ ಇಲ್ಲದ್ದು, ಆದ್ರೂ ಹೋಗ್ತೀನಿ.”

ಅಳಿಯ ಸಿಕ್ಕಾಗ ಅತ್ತೆ ಎರಡು ಹೊತ್ತೂ ಊಟ ಮಾಡ್ತಿದಾರೆ, ಅಡುಗೆಗೆ ದಿನಾ ಹೆಸರಿಡ್ತಾರೆ ಅಂತ ದೂರು ಹೇಳಿದ. ನನಗೆ ಅಷ್ಟು ಸಾಕಾಗಿತ್ತು. ಆ ವರ್ಷವೇ ನಾನು ಕೆಲಸ ಬಿಟ್ಟೆ. ಬಿಡೋಕೆ ಸ್ವಲ್ಪ ಮುಂಚೆ ನಿಂಗರಾಜು ವಕೀಲರ ಇನ್ನೊಂದು ಕೋಟು ರಿಪೇರಿಗೆ ತಗೊಂಡು ಮತ್ತೆ ಬಂದ. ಬೂಟು ಕಾಲಲ್ಲಿತ್ತು. ಚೆನ್ನಾಗಿ ನಡೆದಿತ್ತು, ಹಿಮ್ಮಡಿ ಸವೆದಿತ್ತು. ಹೇಗಿದೆ ಅಂತ ಕೇಳಿದೆ.

“ಬೂಟೇನೋ ಬಂಗಾರ ಕಣವ್ವ. ಆದ್ರೆ ಒಂದು ಮಾತು.” ಯಜಮಾನರಿಗೆ ಕೇಳದಂಗೆ ಹತ್ತಿರ ಬಂದ. “ನಾನು ದಿನಾ ಮನೆಗೋಗಿ ಲೇಸು ಬಿಚ್ಚಿ, ಗೋಡೆ ಪಕ್ಕ ಇಡ್ತೀನಿ. ಬೆಳಿಗ್ಗೆ ಕಾಲಾಕಿದ್ರೆ ಬಿಸಿ ಇರ್ತವೆ. ಯಾರೋ ಈಗ್ ತಾನೆ ಬಿಚ್ಚಿಟ್ಟಂಗೆ. ನಮ್ಮನೇಲಿ ಗಂಡಸು ಅಂದ್ರೆ ನಾನೊಬ್ಬನೇಯ.”

ನಾನು ಬಗ್ಗಿ ನೋಡಿದೆ. ಲೇಸಿನ ತುದಿ ಎರಡೂ ಒಳಗೆ ತುರುಕಿತ್ತು.

“ಲೇಸು ಹಿಂಗೆ ಕಟ್ಟೋದು ಯಾರು ಹೇಳಿಕೊಟ್ರು?”

“ಯಾರೂ ಇಲ್ಲ. ಅದೇಯ ನಾ ಯೋಳಿದ್ದು. ಬಿಚ್ಚಿ ಮಡಗಿದ್ದು ಬೆಳಿಗ್ಗೆ ಇಂಗಿರ್ತದೆ. ಅಂಗೇ ಕಾಲು ತೂರಿಸ್ಕಂಡ್ ಬತ್ತೀನಿ.” ಬೂಟಿನ ಧೂಳು ಕೈಯಲ್ಲಿ ಒರೆಸಿದ. “ಬ್ಯಾಡ ಅಂತಿಲ್ಲ ಕಣವ್ವ. ನಂಗೆ ಹಗಲು ಬೇಕು, ಅವ್ರಿಗೆ ರಾತ್ರಿ ಬೇಕು. ಜಗಳ ಏನಿಲ್ಲ. ಏನಾರ ಮಾಡ್ಬೇಕಾ ಅಂತ ಕೇಳ್ದೆ ಅಷ್ಟೆಯ.”

ನನ್ನ ಕೆಲಸದಲ್ಲಿ ನಾನು ಗಿರಾಕಿಗೆ ಹೇಳಿದ ಕೊನೇ ಮಾತು ಅದೇ. ನಿಮಗೂ ಹೇಳ್ತೀನಿ, ಬೇಕಾದರೆ ಇಟ್ಟುಕೊಳ್ಳಿ.

“ಬೂಟಿನ ಮೂತಿ ಗೋಡೆ ಕಡೆ ಮಾಡಿ ಇಡಬೇಡ,” ಅಂದೆ. “ಬಾಗಿಲ ಕಡೆ ಮಾಡಿ ಇಡು. ತಿರುಗಿಸಿಕೊಳ್ಳೋ ತೊಂದರೆ ಯಾಕೆ ಅವರಿಗೆ.”